ಹದಿನೇಳು ಒಂದುಗಳು

ಪೈಸಾಂದು,
18 ಮಾರ್ಚ್ 1962, ಭಾನುವಾರ

ಸುಲ್ಮಾ,

ಎರಡು ವರ್ಷದಿಂದ ಕಾಗದ ಬರೆಯದ ಅಪ್ಪ ಈಗ ಬರೆದರೆ ಏನೋ ಕೆಲಸವಿದೆ ಅಂತಲೇ ನೀನು ಅಂದುಕೊಳ್ಳುತ್ತೀಯ. ಹೌದು, ಕೆಲಸವಿದೆ. ಆಯಸ್ಸೆಲ್ಲ ರೈಲು ನಿಲ್ದಾಣದಲ್ಲಿ ತಂತಿ ಕುಟ್ಟಿದವನಿಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅಕ್ಟೋಬರಿನಲ್ಲಿ ನಿಮ್ಮ ಮೊಂಟೆವಿಡಿಯೊದಲ್ಲೇ ಶಸ್ತ್ರಚಿಕಿತ್ಸೆ. ಆದರೆ ಕಣ್ಣಿನ ಒಳಗೂ ಏನೋ ಕೆಟ್ಟಿದೆಯಂತೆ. "ಆಮೇಲೆ ಎಷ್ಟು ಕಾಣ್ಸುತ್ತೆ ಡಾಕ್ಟ್ರೇ?" ಎಂದು ಕೇಳಿದೆ. "ಮಾತು ಕೊಡೋಕಾಗಲ್ಲ ದೋನ್ ಎಲಿಸೆಯೊ. ನೋಡ್ಬೇಕಾದ್ದೇನಾದ್ರೂ ಇದ್ರೆ ಈಗಲೇ ನೋಡ್ಕೊಂಬಿಡಿ," ಎಂದರು. ನಾನು ನೋಡಬೇಕಾದ್ದು ಏನೆಂದು ನಿನಗೆ ಗೊತ್ತು.

ನೀನಿರುವ ಗ್ರಂಥಾಲಯ ಗಣಿತದವರದ್ದು ಎಂದು ನಿನ್ನ ಅತ್ತೆ ದೆಲ್ಮೀರಾ ಹೇಳಿದಳು. ಅಲ್ಲಿಯ ಪ್ರಾಧ್ಯಾಪಕರೊಬ್ಬರಿಗೆ ಇಷ್ಟು ಹೇಳು. ಬರೀ ಒಂದುಗಳನ್ನೇ ಸಾಲಾಗಿ ಬರೆದ ಸಂಖ್ಯೆಗಳನ್ನು ಪೈಸಾಂದುವಿನ ನಿವೃತ್ತ ತಂತಿ ಗುಮಾಸ್ತನೊಬ್ಬ ಒಡೆಯುತ್ತ ಬಂದಿದ್ದಾನೆ. ಏಳು ಒಂದುಗಳು ಅಂದರೆ 239 ಗುಣಿಸು 4649. ಹನ್ನೊಂದು ಒಂದುಗಳು ಅಂದರೆ 21649 ಗುಣಿಸು 513239. ಹದಿಮೂರು ಒಂದುಗಳು 53ಕ್ಕೇ ಕೈಯೆತ್ತಿ ಶರಣಾದವು. ಹದಿನೇಳು ಒಂದುಗಳು ಮಾತ್ರ, ಅಂದರೆ 11111111111111111, ಹದಿನೆಂಟು ವರ್ಷದಿಂದ ಬಗ್ಗಿಲ್ಲ. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಇದ್ದರೆ, ಅದನ್ನು 34ರಿಂದ ಭಾಗಿಸಿದಾಗ ಒಂದು ಉಳಿಯಬೇಕು. ಯಾಕೆಂದು ಗೊತ್ತಿಲ್ಲ, ಒಡೆದ ಸಂಖ್ಯೆಗಳನ್ನು ನೋಡಿ ನೋಡಿ ಕಂಡುಕೊಂಡದ್ದು. ಅಂಥ ಸಂಖ್ಯೆಗಳನ್ನು ಮಾತ್ರ ಹಿಡಿದು, ಒಂದೊಂದರಿಂದಲೂ ಭಾಗಿಸಿ, 34 ಲಕ್ಷ 12 ಸಾವಿರದವರೆಗೆ ಬಂದಿದ್ದೇನೆ. ಐವತ್ತನಾಲ್ಕು ನೋಟ್‌ಪುಸ್ತಕ ತುಂಬಿವೆ. ಪ್ರತಿ ಸಲವೂ ಏನೋ ಒಂದು ಉಳಿದುಕೊಳ್ಳುತ್ತದೆ.

ಈ ಸಂಖ್ಯೆ ಅವಿಭಾಜ್ಯವೆಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ಖಚಿತವಾಗಬೇಕಾದರೆ ಹತ್ತು ಕೋಟಿ ದಾಟಬೇಕು, ಅದು ನನ್ನ ಆಯಸ್ಸಿಗೆ ಮೀರಿದ್ದು. ಅಡ್ಡದಾರಿ ಇದೆಯೇ ಎಂದು ಕೇಳು. ಬೇಗ ಕೇಳು. ಅಕ್ಟೋಬರಿನೊಳಗೆ ಹೇಗಾದರೂ 35 ಲಕ್ಷ ಮುಟ್ಟಬೇಕು.

ನಿನ್ನ ಅಪ್ಪ,
ಎಲಿಸೆಯೊ ಬೆಂತಾಂಕೊರ್


ಮೊಂಟೆವಿಡಿಯೊ,
2 ಏಪ್ರಿಲ್ 1962

ಅಪ್ಪ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಒಂದೂವರೆ ಪುಟದಲ್ಲಿ ಕಣ್ಣಿಗೆ ನಾಲ್ಕು ಸಾಲು, ಉಳಿದದ್ದೆಲ್ಲ ಒಂದುಗಳಿಗೆ. ನಾನು ಹೇಗಿದ್ದೇನೆ ಎಂಬುದಕ್ಕೆ ಜಾಗ ಸಾಲಲಿಲ್ಲ. ಪರವಾಗಿಲ್ಲ, ಚೆನ್ನಾಗಿದ್ದೇನೆ.

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ, ಇಳಿಯಲಿಲ್ಲ. ನಾನು ಊರು ಬಿಟ್ಟ ದಿನ ರೈಲು ಹನ್ನೆರಡು ನಿಮಿಷ ನಿಂತಿತ್ತು. ತಂತಿ ಕೋಣೆಯ ಕಿಟಕಿಯಲ್ಲಿ ನಿಮ್ಮ ತಲೆ ಕಾಣುತ್ತಿತ್ತು, ನೋಟ್‌ಪುಸ್ತಕದ ಮೇಲೆ ಬಗ್ಗಿತ್ತು. ಅದು ಎದ್ದು ಹೊರಗೆ ಬರಲಿಲ್ಲ. ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಬೆಳೆಸಿದ್ದು ಅತ್ತೆ. ನೀವು ಬೆಳೆಸಿದ್ದು ಆ ಸಂಖ್ಯೆಯನ್ನು.

ನೀವು ಹೇಳಿದ್ದನ್ನು ಪ್ರಾಧ್ಯಾಪಕರಲ್ಲಿ ಕೇಳುತ್ತೇನೆ, ಇದು ನನ್ನ ಮಾತು. ಆದರೆ ಡಾಕ್ಟರು ನೋಡಿಕೊಳ್ಳಿ ಎಂದದ್ದು ಜನರನ್ನು, ಹೊಳೆಯನ್ನು, ಬೀದಿಯನ್ನು. ಭಾಗಾಕಾರವನ್ನಲ್ಲ.

ಸುಲ್ಮಾ


ಮೊಂಟೆವಿಡಿಯೊ,
27 ಏಪ್ರಿಲ್ 1962

ದೆಲ್ಮೀರಾ ಅತ್ತೆಗೆ,

ಈ ಕಾಗದ ಅಪ್ಪನ ಕೈಗೆ ಸಿಗಬಾರದು. ಅವರಿಗೆ ಈಗ ಅಕ್ಷರ ಸರಿಯಾಗಿ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ, ಹಾಗೆ ಬರೆಯಲು ನಾಚಿಕೆಯೂ ಆಗುತ್ತಿದೆ.

ಇಲ್ಲಿಯ ಪ್ರಾಧ್ಯಾಪಕರೊಬ್ಬರಿಗೆ ಅಪ್ಪನ ವಿಷಯ ಹೇಳಿದೆ. ಪೂರ್ತಿ ಕೇಳಿ, "ಹದಿನೆಂಟು ವರ್ಷಾನಾ? ಕೈಯಲ್ಲೇನಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಮೆತ್ತಗೆ, "ಸೆನ್ಯೊರೀಟ, ಕೆಳಗಿನ ಕಪಾಟಲ್ಲಿ ಹಳೇ ಕೋಷ್ಟಕ ಒಂದಿದೆ, ನೋಡಿದೀರಾ?" ಎಂದರು. ಆ ಕಪಾಟನ್ನು ವಾರಕ್ಕೊಮ್ಮೆ ಒರೆಸುವವಳು ನಾನೇ. ತೆಗೆದು ನೋಡಿದೆ. ಕಳೆದ ಶತಮಾನದ ಪುಸ್ತಕ, ಮುಖಪುಟ ಹರಿದಿದೆ. ಹದಿನೇಳು ಒಂದುಗಳ ಎದುರು ಒಂದೇ ಒಂದು ಸಾಲು ಇದೆ: 2071723 ಗುಣಿಸು 5363222357.

ಅಂದರೆ ಅದು ಅವಿಭಾಜ್ಯವಲ್ಲ, ಅತ್ತೆ. 20 ಲಕ್ಷ 71 ಸಾವಿರದ ಹತ್ತಿರವೇ ಅದು ಒಡೆಯುತ್ತದೆ. ಅಪ್ಪ ಈಗ 34 ಲಕ್ಷದಲ್ಲಿದ್ದಾರೆ. ಉತ್ತರವನ್ನು ಯಾವತ್ತೋ ದಾಟಿಕೊಂಡು ಹೋಗಿ, ಉಳಿದಿರುವ ಕಣ್ಣನ್ನೆಲ್ಲ ಖಾಲಿ ಬಯಲಿಗೆ ಸುರಿಯುತ್ತಿದ್ದಾರೆ.

ಅವರು ಅಷ್ಟು ಸುಲಭಕ್ಕೆ ತಪ್ಪುವವರಲ್ಲ. ಮೂವತ್ತಮೂರನೆಯ ನೋಟ್‌ಪುಸ್ತಕದ ಆಸುಪಾಸಿನಲ್ಲಿ 2071723 ಇರಬೇಕು. ಅದು ಯಾವ ದಿನ ಮಾಡಿದ್ದು, ಯಾರ ಕೈಬರಹ ಎಂದು ನೋಡಿ ತಿಳಿಸಿ. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ.

ನಿಮ್ಮ,
ಸುಲ್ಮಾ


ಪೈಸಾಂದು,
6 ಮೇ 1962

ಸುಲ್ಮಾ ಮರಿ,

ನಿಮ್ಮಪ್ಪ ಮಧ್ಯಾಹ್ನ ಮಲಗಿದಾಗ ಕಳ್ಳಿಯ ಹಾಗೆ ಆ ಕೋಣೆಗೆ ನುಗ್ಗಿದೆ. ಅರವತ್ತನಾಲ್ಕನೇ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ನನಗೆ. ಮೂವತ್ತಮೂರರಲ್ಲೇ ಇದೆ. 1955, ಫೆಬ್ರವರಿ 20, ಭಾನುವಾರ. ಕೈಬರಹ ನಿನ್ನದು ಕಣೇ. ಏಳಕ್ಕೆ ಅಡ್ಡಗೆರೆ ಎಳೆದು ಅದಕ್ಕೊಂದು ಬಾಲ ಬಿಡುವವರು ಈ ಮನೆಯಲ್ಲಿ ಬೇರೆ ಯಾರಿದ್ದಾರೆ? ಭಾಗಲಬ್ಧ 5363418206 ಎಂದಿದೆ, ಶೇಷ 1204632. ಪಕ್ಕದಲ್ಲಿ ಅವನ ಹಸಿರು ಶಾಯಿಯ ಗುರುತು ಇದೆ, ಸರಿಯಿದೆ ಎಂದು.

ಏನು ನಡೆದಿದೆ ಅಂತ ಕೇಳುವುದಿಲ್ಲ, ನಿನ್ನ ಕಾಗದ ನೋಡಿಯೇ ಅರ್ಧ ಗೊತ್ತಾಯಿತು. ನನ್ನ ಬುದ್ಧಿ ಕೇಳಿದರೆ ಆ ಪುಟವನ್ನು ಹರಿದು ಒಲೆಗೆ ಹಾಕುತ್ತೇನೆ. ಪುಸ್ತಕದಲ್ಲಿ ಉತ್ತರವಿದೆಯಂತೆ ಎಂದಷ್ಟೇ ನೀನು ಹೇಳು, ಯಾರ ತಪ್ಪು ಅಂತ ಯಾಕೆ ಬೇಕು? ಸಂಖ್ಯೆಗೊಂದು ಅರ್ಥ ಹೇಳುವ ಲಾಟರಿಯವರ ಪಟ್ಟಿಯಲ್ಲಿ ಹದಿನೇಳು ಅಂದರೆ ದುರ್ಗತಿ ಅಂತ ಮೊದಲ ದಿನವೇ ಹೇಳಿದ್ದೆ. ನಿಮ್ಮಮ್ಮ ತೀರಿಕೊಂಡ ವರ್ಷ ಅವನು ಅದನ್ನು ಹಿಡಿದದ್ದು, ಆಮೇಲೆ ಅದೇ ಅವನನ್ನು ಹಿಡಿದುಕೊಂಡಿತು.

ಆದರೆ ಬೇಗ ಏನಾದರೂ ಮಾಡು. ಬೆಳಗ್ಗೆ ಮಾಟೆ ಸೊಪ್ಪಿನ ಕಷಾಯ ಹೀರುವ ಸೋರೆಬುರುಡೆಯನ್ನು ಅವನ ಕೈಗೆ ನಾನೇ ಇಡಬೇಕು, ತಡಕಾಡುತ್ತಾನೆ. ಹತ್ತರಿಂದ ಮೂರರವರೆಗೆ ಕಿಟಕಿಗೆ ಅಂಟಿಕೊಂಡು ಭೂತಗನ್ನಡಿ ಹಿಡಿದು ಭಾಗಿಸುತ್ತಾನೆ. ಕಣ್ಣಿಂದ ನೀರು ಸುರಿಯುತ್ತಿರುತ್ತದೆ. "ಅಳ್ತಿದೀಯೇನೋ?" ಅಂದರೆ "ಸೋರ್ತಿದೆ ಅಷ್ಟೇ, ನೀ ಹೋಗು" ಅನ್ನುತ್ತಾನೆ.

ಅತ್ತೆ


ಪೈಸಾಂದು,
20 ಮೇ 1962

ಸುಲ್ಮಾ,

ಪ್ರಾಧ್ಯಾಪಕರು ಏನಂದರು? ಒಂದೂವರೆ ತಿಂಗಳಾಯಿತು. ತಂತಿಯಾಗಿದ್ದರೆ ಇಷ್ಟರಲ್ಲಿ ಭೂಮಿಯನ್ನು ನೂರು ಸಲ ಸುತ್ತಿ ಬರುತ್ತಿತ್ತು.

34 ಲಕ್ಷ 38 ಸಾವಿರಕ್ಕೆ ಬಂದಿದ್ದೇನೆ. ಬಲಗಣ್ಣಿನಲ್ಲಿ ಈಗ ಮಬ್ಬು ಬಿಟ್ಟು ಬೇರೇನಿಲ್ಲ. ಅದೃಷ್ಟಕ್ಕೆ ಕೆಳಗಿಳಿಸುವ ಅಂಕಿ ಪ್ರತಿ ಸಲವೂ ಒಂದೇ, ಕಾಣದಿದ್ದರೂ ತಪ್ಪುವಂತಿಲ್ಲ. ಮೊನ್ನೆ ದೆಲ್ಮೀರಾ, "ಹೊಳೆ ತುಂಬಿ ಬಂದರಿನ ಮೆಟ್ಟಿಲು ಮುಳುಗ್ಸಿದೆ, ಊರಿಗೂರೇ ನೋಡೋಕೆ ಹೋಗಿದೆ, ಬಾರೋ," ಎಂದು ಕರೆದಳು. ನಾನು ಹೋಗಲಿಲ್ಲ. ಆವತ್ತಿನ ಐದು ಭಾಗಾಕಾರ ಮುಗಿದಿರಲಿಲ್ಲ.

ನೀನಿದ್ದಾಗ ಭಾನುವಾರ ನಿನಗೆ ಐದು, ನನಗೆ ಐದು ಇರುತ್ತಿತ್ತು. ಸಂಜೆ ಆರರೊಳಗೆ ಮೇಜು ಖಾಲಿಯಾಗುತ್ತಿತ್ತು. ನಿನ್ನಷ್ಟು ಚುರುಕಾಗಿ ಭಾಗಿಸುವವರನ್ನು ನಾನು ನೋಡಿಲ್ಲ. ಹೇಳಿರಲಿಲ್ಲ ಅನ್ನಿಸುತ್ತದೆ.

ಉತ್ತರ ಬರಲಿ.

ಅಪ್ಪ


ಮೊಂಟೆವಿಡಿಯೊ,
9 ಜುಲೈ 1962

ಅಪ್ಪ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಅತ್ತೆಯಿಂದ ಓದಿಸಿಕೊಳ್ಳಿ, ಕಣ್ಣಿಗೆ ತೊಂದರೆ ಕೊಡಬೇಡಿ. ಮೊದಲು ಆವತ್ತಿನ ಭಾಗಾಕಾರವನ್ನು ನಿಲ್ಲಿಸಿ ಕುಳಿತುಕೊಳ್ಳಿ.

ಹದಿನೇಳು ಒಂದುಗಳು ಒಡೆಯುತ್ತವೆ. ನೂರು ವರ್ಷದ ಹಿಂದಿನವರೇ ಒಡೆದಿಟ್ಟಿದ್ದಾರೆ, ನಮ್ಮ ಗ್ರಂಥಾಲಯದ ಹಳೆಯ ಕೋಷ್ಟಕದಲ್ಲಿದೆ. ನಾನು ಗುಣಿಸಿಯೂ ನೋಡಿದೆ. ಭಾಜಕ 2071723.

ನೀವು ಅದನ್ನು 1955ರ ಫೆಬ್ರವರಿಯಲ್ಲೇ ದಾಟಿದಿರಿ. ತಪ್ಪಿದ್ದು ನೀವಲ್ಲ, ನಾನು. ತಪ್ಪಿದ್ದೂ ಅಲ್ಲ, ಮೋಸ ಮಾಡಿದೆ.

ಆವತ್ತು ಕಾರ್ನಿವಲ್ ಹಬ್ಬದ ಭಾನುವಾರ. ನನಗೆ ಹದಿನೈದು. ಐದರಲ್ಲಿ ನಾಲ್ಕನ್ನು ನಿಯತ್ತಾಗಿ ಮಾಡಿದ್ದೆ. ಐದನೆಯದರಲ್ಲಿ ನಾಲ್ಕು ಅಂಕಿ ಬರುವಷ್ಟರಲ್ಲಿ ಚೌಕದ ಕಡೆಯಿಂದ ಡೋಲು ಕೇಳಿಸಿತು. ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು, ಇನ್ನು ಆರು ಅಂಕಿ ಬಾಕಿ ಇದ್ದವು. ನೀವು ನನ್ನ ಲೆಕ್ಕವನ್ನು ಮತ್ತೆ ಮಾಡುವುದಿಲ್ಲ, ಒಂಬತ್ತರ ತಾಳೆ ಮಾತ್ರ ಹಾಕುತ್ತೀರಿ ಎಂದು ಗೊತ್ತಿತ್ತು. ಶಾಲೆಯಲ್ಲಿ ಎಲ್ಲರಿಗೂ ಕಲಿಸುವ ಅದೇ ತಾಳೆ. ಭಾಜಕದ ಅಂಕಿಗಳನ್ನು ಕೂಡಿಸಿ ಒಂದಂಕಿಗೆ ತರುವುದು, ಭಾಗಲಬ್ಧಕ್ಕೂ ಹಾಗೆಯೇ, ಎರಡನ್ನೂ ಗುಣಿಸಿ ಶೇಷ ಸೇರಿಸುವುದು. ಹದಿನೇಳು ಒಂದುಗಳಿಗೆ ಅದು ಎಂಟಕ್ಕೆ ಬಂದು ನಿಲ್ಲಬೇಕು. ನಾನು ಬಾಯಿಗೆ ಬಂದ ಆರು ಅಂಕಿ ಬರೆದೆ. ಕೊನೆಗೆ ಎಂಟು ಬರುವ ಹಾಗೆ ಒಂದು ಶೇಷವನ್ನು ಹುಟ್ಟಿಸಿದೆ. ಅರ್ಧ ನಿಮಿಷದ ಕೆಲಸ. ನೀವೇ ಕಲಿಸಿದ ತಾಳೆಯಿಂದ ನಿಮ್ಮ ಕಣ್ಣಿಗೇ ಮಣ್ಣೆರಚಿದೆ.

ಅದೊಂದೇ ಸಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಸಾವಿರಾರು ಸಂಖ್ಯೆಗಳಲ್ಲಿ ಅದೇ ಆಗಬೇಕಿತ್ತೇ ಎಂದು ಎರಡು ತಿಂಗಳಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ. ಹೇಳದೆ ಇದ್ದುಬಿಡೋಣ ಎಂದೂ ಅನ್ನಿಸಿತು. ಆದರೆ ನಿಮ್ಮ ಕಳೆದ ಕಾಗದಕ್ಕೆ ನಾನು ಉತ್ತರ ಬರೆಯದ ಈ ಐವತ್ತು ದಿನವೂ ನೀವು ಕಿಟಕಿಯಲ್ಲಿ ಕುಳಿತು ದಿನಕ್ಕೆ ಐದರಂತೆ ಕಣ್ಣು ಸವೆಸುತ್ತಿದ್ದಿರಿ. ಇನ್ನು ತಡೆಯಲಾಗಲಿಲ್ಲ.

ಬೈಯಿರಿ. ಉತ್ತರ ಬರೆಯದೆ ಮಾತ್ರ ಇರಬೇಡಿ.

ಸುಲ್ಮಾ


ಪೈಸಾಂದು,
22 ಜುಲೈ 1962

ಸುಲ್ಮಾ,

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ಮಧ್ಯೆ ಎರಡು ಸಲ ಓದು ನಿಲ್ಲಿಸಿದೆ, ಅವನು "ಮುಂದೆ" ಅಂದ. ಮುಗಿದ ಮೇಲೆ, "ಭಾಜಕ ಇನ್ನೊಂದ್ಸಲ ಓದು," ಅಂದ. ಓದಿದೆ. ಎದ್ದು ಹೋಗಿ ಮೂವತ್ತಮೂರನ್ನು ತಂದು ಮುಚ್ಚಿದ ಹಾಗೇ ಮೇಜಿನ ಮೇಲಿಟ್ಟುಕೊಂಡ. ಹತ್ತು ದಿನವಾಯಿತು, ಅದು ಅಲ್ಲೇ ಇದೆ, ಅವನೂ ಅಲ್ಲೇ ಇದ್ದಾನೆ. ಭಾಗಿಸುತ್ತಿಲ್ಲ, ಮಾತಾಡುತ್ತಿಲ್ಲ. ಭಾನುವಾರದ ಟೊಮೇಟೊ ಸಾರಿನ ಶಾವಿಗೆಯನ್ನೂ ಹಾಗೇ ಬಿಟ್ಟ. ಹದಿನೆಂಟು ವರ್ಷ ಅವನ ಗೊಣಗಾಟಕ್ಕೆ ಶಾಪ ಹಾಕಿದವಳು ಈಗ ಗೊಣಗಲಿ ಅಂತ ಕಾಯುತ್ತಿದ್ದೇನೆ.

ನೀನು ಹೇಳಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಭಯವಾಗುತ್ತಿದೆ.

ಅತ್ತೆ


ಪೈಸಾಂದು,
19 ಆಗಸ್ಟ್ 1962

ಸುಲ್ಮಾ,

ಸಾಲುಗಳು ಸೊಟ್ಟಗಾಗಿದ್ದರೆ ಸಹಿಸಿಕೋ. ದೆಲ್ಮೀರಾಳಿಂದ ಬರೆಸಬಹುದಿತ್ತು, ಇದನ್ನು ಬರೆಸಲು ಮನಸ್ಸು ಒಪ್ಪಲಿಲ್ಲ.

ಮೊದಲ ಹದಿನೈದು ದಿನ ನಿನ್ನ ಮೇಲೆ ಬಂದ ಸಿಟ್ಟನ್ನು ಬರೆದರೆ ಕಾಗದ ಹೊತ್ತಿಕೊಳ್ಳುತ್ತಿತ್ತು. ಏಳು ವರ್ಷ, ಸುಲ್ಮಾ. ದಿನಕ್ಕೆ ಐದು, ಆರು. ನಿನ್ನನ್ನು ರೈಲು ಹತ್ತಿಸಲು ಎದ್ದು ಬರದೆ ನಾನು ಮಾಡುತ್ತಿದ್ದ ಲೆಕ್ಕವೂ ಬೇಡದ ಲೆಕ್ಕವೇ ಆಗಿತ್ತು. ಅದನ್ನು ನೆನೆದಾಗ ಸಿಟ್ಟು ನಿನ್ನನ್ನು ಬಿಟ್ಟು ನನ್ನ ಕಡೆ ತಿರುಗಿತು, ಅಲ್ಲೇ ಕೂತಿದೆ.

ಆಗಸ್ಟ್ ಒಂದರಂದು ಬಿಸಿಲು ಚೆನ್ನಾಗಿತ್ತು. ಕಿಟಕಿಯ ಹತ್ತಿರ ಕೂತು 2071723ರಿಂದ ನಾನೇ ಭಾಗಿಸಿದೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. 5, 3, 6, 3. ಇಲ್ಲಿಯವರೆಗೆ ನೀನು ಸರಿಯಾಗಿಯೇ ಬಂದಿದ್ದೆ. ಇನ್ನು ಆರು ಸಲ ಒಂದು ಇಳಿಸಿದ್ದರೆ ಸಾಕಿತ್ತು. 2, 2, 2, 3, 5. ಕೊನೆಯ ಒಂದನ್ನು ಇಳಿಸಿದಾಗ ಅಲ್ಲಿ 14502061 ನಿಂತಿತ್ತು. ಭಾಜಕದ ಏಳು ಪಟ್ಟು ಎಷ್ಟು ಎಂದು ಗುಣಿಸಿದೆ. 14502061. ಕೆಳಗೆ ಬರೆದು ಕಳೆದೆ. ಎಡಗಣ್ಣಿಗೆ ಏನೂ ಕಾಣಲಿಲ್ಲ. ಕಣ್ಣು ಕೈಕೊಟ್ಟಿತು ಅಂದುಕೊಂಡು ದೆಲ್ಮೀರಾಳನ್ನು ಕೂಗಿದೆ. "ಇಲ್ಲೇನಿದೆ ನೋಡು." "ಸೊನ್ನೆ ಬರ್ದಿದೀಯಲ್ಲೋ." "ಸರಿಯಾಗಿ ನೋಡು." "ಸೊನ್ನೆ ಕಣೋ ಎಲಿಸೆಯೊ, ಬರೀ ಸೊನ್ನೆ." ಅವಳು ಅಳಲು ಶುರುಮಾಡಿದಳು. ನಾನು ಕೂಗಿಕೊಂಡೆ, ಪಕ್ಕದ ಮನೆಯವರು ಬೇಲಿಯ ಹತ್ತಿರ ಓಡಿ ಬಂದರು. ಯಾರೋ ಸತ್ತರೆಂದು ತಿಳಿದಿದ್ದರು.

ನೂರು ವರ್ಷದ ಹಿಂದೆ ಯಾರು ಒಡೆದರೆ ನನಗೇನು? ನನ್ನ ಮೇಜಿನ ಮೇಲೆ ಅದು ಆವತ್ತು ಒಡೆಯಿತು. ಇಷ್ಟು ಸಂತೋಷ ನನಗೆ ನೀನು ಹುಟ್ಟಿದ ದಿನ ಆಗಿತ್ತು, ಆಮೇಲೆ ಇಲ್ಲ.

ಒಂದಕ್ಕೆ ಮಾತ್ರ ಕ್ಷಮೆ ಕೊಡಲಾರೆ. ಆ ಸೊನ್ನೆ ನಿನಗೆ ಸಿಗಬೇಕಿತ್ತು. ಹದಿನೈದನೇ ವಯಸ್ಸಿನಲ್ಲಿ, ನನ್ನ ಎದುರು ಕೂತು, "ಅಪ್ಪಾ, ಏನೂ ಉಳೀಲಿಲ್ಲ" ಎಂದು ನೀನು ಹೇಳಬೇಕಿತ್ತು. ನಾನು ಮೇಜು ಹತ್ತಿ ಕುಣಿಯುತ್ತಿದ್ದೆ. ಆಮೇಲೆ ಬೇಕಾದರೆ ನಿನ್ನನ್ನು ಚೌಕಕ್ಕೆ ಹೊತ್ತುಕೊಂಡೇ ಹೋಗುತ್ತಿದ್ದೆ. ಅದು ನಮ್ಮಿಬ್ಬರಿಗೂ ತಪ್ಪಿಹೋಯಿತು.

ನೋಟ್‌ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿಸಿದ್ದೇನೆ. ನಿನ್ನೆ ಹೊಳೆಗೆ ಹೋಗಿ ಬಂದೆ. ಪ್ರವಾಹ ಇಳಿದು ಬಹಳ ದಿನವಾಗಿದೆ, ಆಚೆ ದಡ ನನಗೆ ಒಂದು ಹಸಿರು ಗೆರೆ ಅಷ್ಟೇ. ಇದ್ದಷ್ಟನ್ನು ನೋಡಿದೆ.

ಈಗ ನನ್ನದೊಂದು ಪ್ರಶ್ನೆ. ಆ ಒಂದು ಸಂಜೆಗೆ ನಾನು ಏಳು ವರ್ಷ ಕೊಟ್ಟಿದ್ದೇನೆ, ಕೇಳುವ ಹಕ್ಕಿದೆ. ಎಲ್ಲಿಗೆ ಹೋದೆ? ಏನು ನೋಡಿದೆ? ಆ ಸಂಜೆ ಚೆನ್ನಾಗಿತ್ತೇ? ನನಗೆ ಬೇಸರವಾಗಬಾರದೆಂದು ಏನನ್ನೂ ಕಟ್ಟಬೇಡ. ಇದ್ದದ್ದು ಇದ್ದ ಹಾಗೆ ಬರೆ.

ನಿನ್ನ ಅಪ್ಪ


ಮೊಂಟೆವಿಡಿಯೊ,
26 ಆಗಸ್ಟ್ 1962

ಅಪ್ಪ,

ನಿಮ್ಮ ಕಾಗದವನ್ನು ಕಪಾಟುಗಳ ಹಿಂದೆ ನಿಂತು ಓದಿದೆ. ಹೊರಗೆ ಬಂದಾಗ ಪ್ರಾಧ್ಯಾಪಕರು ನನ್ನ ಮುಖ ನೋಡಿ, "ಮನೇಲಿ ಎಲ್ಲಾ ಸರಿಯಿದೆಯಾ?" ಎಂದು ಕೇಳಿದರು. ಸರಿಯಿದೆ ಎಂದೆ.

ಇದ್ದ ಹಾಗೆ ಬರೆಯುತ್ತೇನೆ. ನೀಲಿ ಲಂಗ ಹಾಕಿಕೊಂಡು ಹಿತ್ತಿಲ ಬಾಗಿಲಿಂದ ಓಡಿದೆ. ಚೌಕದ ಅಟ್ಟಣೆಯ ಮೇಲೆ ಮುಖಕ್ಕೆ ಬಣ್ಣ ಬಳಿದುಕೊಂಡ ಹಾಡುಗಾರರ ಮೇಳವಿತ್ತು. ಊರಿನ ದೊಡ್ಡವರನ್ನೆಲ್ಲ ಸಾಲಾಗಿ ಗೇಲಿ ಮಾಡುತ್ತಿದ್ದರು. ಮೇಯರ್ ಆಯಿತು, ಪಾದ್ರಿ ಆಯಿತು, ಆಮೇಲೆ ನಿಮ್ಮ ಸರದಿ ಬಂತು. ಮೂಗಿಗೆ ಕನ್ನಡಕ ಏರಿಸಿಕೊಂಡವನೊಬ್ಬ ತಂತಿ ಕುಟ್ಟುತ್ತ, "ಊಟಕ್ಕೆ ಕರೆದ್ರೂ ಒಂದು, ಗಂಟೆ ಹೊಡೆದ್ರೂ ಒಂದು, ರೈಲೇ ಹೋದ್ರೂ ಒಂದೇ ಒಂದು" ಎಂದು ಹಾಡಿದ. ಜನ ಬಿದ್ದು ಬಿದ್ದು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಪಕ್ಕದಲ್ಲಿದ್ದವಳಿಗೆ "ಅವ್ರು ನಮ್ಮಪ್ಪ" ಎಂದು ಹೇಳಿದೆ. ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಅಷ್ಟು ಜನರ ಬಾಯಲ್ಲಿ ನೀವಿದ್ದಿರಿ.

ಆಮೇಲೆ ಕ್ಷೌರದಂಗಡಿಯ ಒಸ್ವಾಲ್ದೊ ಜೊತೆ ಎರಡು ಸಲ ಕುಣಿದೆ. ಅವನು ನನ್ನ ಕಾಲು ತುಳಿದ, ನಿಂಬೆ ಐಸ್ ಕೊಡಿಸಿ ರಾಜಿ ಮಾಡಿಕೊಂಡ. ಯಾರೋ ಬಕೆಟ್ಟಿನಿಂದ ನೀರೆರಚಿ ತಲೆಯಿಂದ ಕಾಲಿನವರೆಗೆ ಒದ್ದೆಯಾದೆ. ಒದ್ದೆ ಲಂಗವನ್ನು ಹಿಂಡಿಕೊಳ್ಳುತ್ತ ಮನೆಯವರೆಗೂ ಆ ಹಾಡನ್ನೇ ಹಾಡಿಕೊಂಡು ಬಂದೆ. ನಿಮಗೆ ಹಾಡಿ ತೋರಿಸಬೇಕು, ನೀವು ಸಿಟ್ಟಾಗುತ್ತೀರೋ ನಗುತ್ತೀರೋ ನೋಡಬೇಕು ಅಂತ ಬಹಳ ಆಸೆಯಿತ್ತು. ನೀವು ತಲೆಯೆತ್ತಲಿಲ್ಲ. "ಊಟ ಮಾಡ್ಕೊಂಡು ಮಲಕ್ಕೋ" ಎಂದಿರಿ.

ಆವತ್ತಿನಿಂದ ಯಾರಿಗೂ ಹೇಳಿರಲಿಲ್ಲ. ಅದು ಚೆನ್ನಾಗಿತ್ತು, ಅಪ್ಪ. ತುಂಬಾ ಚೆನ್ನಾಗಿತ್ತು.

ನಿಮ್ಮ ಮಗಳು,
ಸುಲ್ಮಾ